ಎಡಗೈಯ ಗಂಟು

ಗಾಡಿಯ ರೋಗ ಏನೆಂದು ಗಿರಾಕಿಯೇ ತೀರ್ಮಾನ ಮಾಡಿಕೊಂಡು ಬಂದರೆ ನನಗೆ ಮೈ ಉರಿಯುತ್ತದೆ. ಅವರು ಹೇಳಿದ್ದು ಸರಿಯಿದ್ದರಂತೂ ಇನ್ನೂ ಉರಿಯುತ್ತದೆ. ಆ ಮಳೆಗಾಲದಲ್ಲಿ ಪುಣೆಯ ಕೊಂಢವಾದಲ್ಲಿದ್ದ ನನ್ನ ಗ್ಯಾರೇಜಿಗೆ ಒಂದು ಹಳೆಯ ಪಿಕಪ್ ತಂದ ಗುತ್ತಿಗೆದಾರರು ಮಾತ್ರ ರೋಗವೇ ಇಲ್ಲವೆಂದು ತೀರ್ಮಾನ ಮಾಡಿಕೊಂಡು ಬಂದಿದ್ದರು.

ಮುಂಬಯಿಗೆ ಎಕ್ಸ್‌ಪ್ರೆಸ್ ರಸ್ತೆ ಆದ ಹೊಸತು ಅದು. ಲೋಣಾವಳಾದ ಸುತ್ತಲಿನ ಗುಡ್ಡಗಳ ಮೇಲೆ ದುಡ್ಡಿದ್ದವರ ಬಂಗಲೆಗಳು ಏಳುತ್ತಿದ್ದವು. ಈ ಗುತ್ತಿಗೆದಾರರದ್ದೂ ಅಲ್ಲೊಂದು ಕೆಲಸ ನಡೆದಿತ್ತು. ಕಬ್ಬಿಣ, ಸಿಮೆಂಟು ಹೊತ್ತು ಕೆಸರಿನ ಏರು ಹತ್ತಲು ನಾಲ್ಕೂ ಗಾಲಿಗೆ ಬಲ ಹೋಗುವ ಗಾಡಿ ಬೇಕು. ಅದಕ್ಕಾಗಿ ಇಟ್ಟಿದ್ದ ಪಿಕಪ್ ಇದು. ಹಿಂದಿನ ಬಾಗಿಲು ಒಳಕ್ಕೆ ತಗ್ಗಿತ್ತು. ದಾರಿಯುದ್ದಕ್ಕೂ ಮಳೆ ಸುರಿದರೂ ಕೆಂಪು ಮಣ್ಣು ಇನ್ನೂ ಅದಕ್ಕೆ ಮೆತ್ತಿಕೊಂಡೇ ಇತ್ತು.

ಅವರು ಮರಾಠಿಯಲ್ಲಿ ನಡೆದದ್ದನ್ನು ಹೇಳಿದರು. ಏರಿನ ನಡುವೆ ಗಾಡಿ ಹಿಂದಕ್ಕೆ ಜಾರಿದೆ. ಹಿಂದೆ ಕಲ್ಲು ಹಿಡಿದು ನಡೆದು ಬರುತ್ತಿದ್ದ ಕೆಲಸಗಾರನೊಬ್ಬ ಬಂಡೆಗೂ ಗಾಡಿಗೂ ನಡುವೆ ಸಿಕ್ಕಿ ಸತ್ತಿದ್ದಾನೆ. ಏರಿನಲ್ಲಿ ಗಾಡಿ ನಿಂತರೆ ಗಾಲಿಗೆ ಅಡ್ಡ ಕೊಡಲು ಹೀಗೆ ಒಬ್ಬ ಹಿಂದೆ ನಡೆಯುವುದು ಅಲ್ಲಿನ ಪದ್ಧತಿ. "ಡ್ರೈವರ್ ಫೋರ್ ವೀಲ್ ಹಾಕಿರಲೇ ಇಲ್ಲ" ಅಂತ ಸೂಪರ್‌ವೈಸರ್ ಹೇಳಿದನಂತೆ, ಇವರು ಅದನ್ನೇ ನಂಬಿದ್ದರು. ಆದರೆ ಆಮೇಲೆ ಯಾವ ಡ್ರೈವರನೂ ಆ ಗಾಡಿ ಮುಟ್ಟಲು ಒಪ್ಪುತ್ತಿರಲಿಲ್ಲ.

"ತುಮ್ಹೀ ಫಕ್ತ ಬಘಾ, ಆಣಿ ಸಾಂಗಾ ಕೀ ಸಗಳಂ ಠೀಕ್ ಆಹೇ" ಅಂದರು. ನೋಡಿದಂತೆ ಮಾಡಿ ಎಲ್ಲ ಸರಿಯಿದೆ ಅಂತ ನಾನು ಒಂದು ಮಾತು ಹೇಳಿದರೆ ಅವರ ಕೆಲಸ ಸಾಗುತ್ತಿತ್ತು.

"ಮೊದಲು ನೋಡ್ತೇನೆ. ಏನು ಹೇಳಬೇಕು ಅನ್ನೋದು ಆಮೇಲೆ" ಅಂತ ಮರಾಠಿಯಲ್ಲೇ ಉತ್ತರ ಕೊಟ್ಟೆ. ಅವರಿಗೆ ಅದು ಹಿಡಿಸಲಿಲ್ಲ.

ಮರುದಿನ ಬೆಳಿಗ್ಗೆ ಶಟರ್ ಎತ್ತುವಾಗ ಒಬ್ಬ ಹೊರಗೆ ನಿಂತಿದ್ದ. ತಲೆಯ ಮೇಲೆ ಸಿಮೆಂಟಿನ ಖಾಲಿ ಚೀಲ, ಮೊಳಕಾಲವರೆಗೆ ಮಡಚಿದ ಪ್ಯಾಂಟು. ನನ್ನ ಬೋರ್ಡಿನ ಮೂಲೆಯಲ್ಲಿ ನಾಲ್ಕು ಅಕ್ಷರ ಕನ್ನಡವಿದೆ. ಅದನ್ನು ಓದಿಕೊಂಡು ಧೈರ್ಯ ತಂದುಕೊಂಡವನ ಹಾಗೆ, "ಅಣ್ಣಾರ, ಆ ಗಾಡಿ ಡ್ರೈವರ್ ನಾನೇ ರೀ" ಅಂದ. ಯಾದಗಿರಿ ಕಡೆಯವನು. ಧಾರವಾಡ ಬಿಟ್ಟು ಎಷ್ಟೋ ವರ್ಷವಾಗಿದ್ದ ನನಗೆ ಆ ಮಾತಿನ ಎಳೆತ ಕೇಳಿಯೇ ಅರ್ಧ ಸಿಟ್ಟು ಇಳಿಯಿತು. ಒಳಗೆ ಕರೆದು ಚಹಾ ತರಿಸಿದೆ. ಅವನು ಚಹಾ ಮುಟ್ಟಲಿಲ್ಲ.

"ನಾ ಹಾಕಿದ್ದೆ ಅಣ್ಣಾರ. ಏರು ಹತ್ತೂ ಮುಂಚೇನೇ ಲಿವರ್ ಎಳದಿದ್ದೆ. ಮುಂದ ದೀಪಾನೂ ಹತ್ತಿತ್ತು. ಯಾರೂ ನಂಬವಲ್ರು."

"ಸತ್ತವ ಯಾರಪಾ? ನಿಮ್ಮ ಕಡ್ಯಾಂವೇನು?"

"ನಮ್ಮಕ್ಕನ ಗಂಡ ರೀ. ನನ್ನ ಮಾವ. ನನ್ನ ಪುಣೇಕ ಕರ್ಕೊಂಡು ಬಂದಾವ್ರು ಅವ್ರೇ."

ಮಾವ ಕಬ್ಬಿಣ ಕಟ್ಟುವ ಕೆಲಸದವರು. ಸರಳುಗಳನ್ನು ಅಡ್ಡ ಉದ್ದ ಜೋಡಿಸಿ ಬೈಂಡಿಂಗ್ ವೈರಿನಿಂದ ಬಿಗಿಯುವುದು ಅವರ ಕಸುಬು. ಗಾಡಿಯಲ್ಲಿ ಬರುತ್ತಿದ್ದುದು ಅವರ ಕಬ್ಬಿಣವೇ ಆದ್ದರಿಂದ ಕಲ್ಲು ಹಿಡಿದು ಹಿಂದೆ ನಡೆಯುವುದನ್ನೂ ಅವರೇ ವಹಿಸಿಕೊಂಡಿದ್ದರು. ಅವರು ಸತ್ತ ದಿನದಿಂದ ಅಕ್ಕ ಇವನನ್ನು ಸೈಟಿನಲ್ಲಿ ತಾನಿದ್ದ ಶೆಡ್ಡಿನ ಒಳಗೆ ಬಿಟ್ಟುಕೊಂಡಿರಲಿಲ್ಲ. ಊರಿಗೆ ಮಣ್ಣಿಗೆ ಹೋದಾಗಲೂ ಜನರೆದುರು, "ಒಂದ ಲಿವರ್ ಎಳಿಯಾಕ ಬ್ಯಾಸರಾತೇನೋ ನಿನಗ" ಅಂತ ಕೇಳಿದ್ದಳಂತೆ.

"ಕೆಲಸ ಹೋದ್ರ ಹೋಗ್ಲಿ ರೀ. ನಾ ಹಾಕಿದ್ದೆ ಅಂಬೂದು ಅಕ್ಕಗ ಗೊತ್ತಾಗಬೇಕು. ನನಗೂ ಗೊತ್ತಾಗಬೇಕು. ಈಗೀಗ ನನಗೇ ಸಂಶೆ ಬರ್ಲಿಕ್ಕತ್ತದ, ಹಾಕಿದ್ನೋ ಇಲ್ಲೋ ಅಂತ."

ಆ ಕೊನೆಯ ಮಾತು ನನಗೆ ನಾಟಿತು. ಆವತ್ತೇ ಕೆಲಸ ಹಿಡಿದೆ.

ಈ ಗಾಡಿಯಲ್ಲಿ ಸಾಮಾನ್ಯವಾಗಿ ಹಿಂದಿನ ಎರಡು ಗಾಲಿಗಳಿಗಷ್ಟೇ ಎಂಜಿನ್ನಿನ ಬಲ. ಸೀಟಿನ ಪಕ್ಕದ ಸಣ್ಣ ಲಿವರ್ ಎಳೆದರೆ ಕೆಳಗಿರುವ ಟ್ರಾನ್ಸ್‌ಫರ್ ಕೇಸ್ ಆ ಬಲವನ್ನು ಮುಂದಕ್ಕೂ ಕಳಿಸುತ್ತದೆ. ಆದರೆ ಅಷ್ಟರಿಂದಲೇ ಮುಂದಿನ ಗಾಲಿ ಎಳೆಯುವುದಿಲ್ಲ. ಮುಂದಿನ ಆಕ್ಸಲ್ಲಿನ ಒಂದು ಬದಿಯ ಶಾಫ್ಟು ಎರಡು ತುಂಡಾಗಿರುತ್ತದೆ. ಹಲ್ಲುಗಳಿರುವ ಒಂದು ಕಾಲರ್ ಸರಿದು ಬಂದು ಆ ತುಂಡುಗಳನ್ನು ಕೂಡಿಸಬೇಕು. ಅದನ್ನು ಸರಿಸುವುದು ಆಕ್ಚುಯೇಟರ್ ಎಂಬ ಅಂಗೈ ಅಗಲದ ತಗಡಿನ ಡಬ್ಬಿ. ಅದರೊಳಗೆ ರಬ್ಬರಿನ ಪರದೆಯಿದೆ. ಎಂಜಿನ್ನಿಗೆ ಜೋಡಿಸಿದ ಪಂಪು ಒಂದು ರಬ್ಬರ್ ಪೈಪಿನ ಮೂಲಕ ಡಬ್ಬಿಯ ಗಾಳಿ ಹೀರಿದಾಗ ಪರದೆ ಹಿಂದೆ ಸರಿದು ಕಾಲರನ್ನು ಎಳೆಯುತ್ತದೆ. ಹೀರುವುದು ನಿಂತರೆ ಒಳಗಿನ ಸ್ಪ್ರಿಂಗು ಅದನ್ನು ಬಿಡಿಸಿಬಿಡುತ್ತದೆ.

ಮುಂದಿನ ಆಕ್ಸಲ್ಲಿನ ಕೆಳಗೆ ಜಾಕ್ ಕೊಟ್ಟು ಒಂದು ಗಾಲಿಯನ್ನು ನೆಲದಿಂದ ಎತ್ತಿದೆ. ಎಂಜಿನ್ ಚಾಲು ಮಾಡಿ ಲಿವರ್ ಎಳೆಯಲು ಅವನಿಗೇ ಹೇಳಿದೆ. ಎಳೆದ. ಮೀಟರುಗಳ ನಡುವೆ ಹಸಿರು ದೀಪ ಹತ್ತಿತು. ಮುಂದಿನ ಗಾಲಿಯನ್ನು ಕೈಯಿಂದ ಸ್ವಲ್ಪ ತಿರುಗಿಸಿದೆ, ಒಳಗೆ ಕಾಲರ್ 'ಠಕ್' ಅಂತ ಕೂತಿತು. ಆಮೇಲೆ ಗಾಲಿ ಅಲುಗಲಿಲ್ಲ. ಲಿವರ್ ಬಿಟ್ಟಾಗ ಬಿಟ್ಟಿತು, ಮತ್ತೆ ಎಳೆದಾಗ ಮತ್ತೆ ಕೂತಿತು. ಎಷ್ಟು ಸಲ ಮಾಡಿದರೂ ಅಷ್ಟೇ.

ಎಲ್ಲ ಸರಿಯಿರುವುದು ಕಂಡು ನನಗೆ ಎಂದೂ ಅಷ್ಟು ಬೇಸರವಾಗಿರಲಿಲ್ಲ. ಅವನು ಸ್ಟೇರಿಂಗ್ ಹಿಡಿದು ಕೂತೇ ಇದ್ದ. ಗಾಡಿ ಸರಿಯಿದ್ದರೆ ತಪ್ಪು ಯಾರದೆಂದು ಅವನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಆದರೂ ಅನುಮಾನ ಹೋಗಲಿಲ್ಲ. ಆ ಹಸಿರು ದೀಪದ ತಂತಿ ಹಿಡಿದು ಹಿಂದೆ ಹಿಂದೆ ಹೋದೆ. ಅದು ಮುಂದಿನ ಆಕ್ಸಲ್ಲಿಗೆ ಹೋಗುವುದೇ ಇಲ್ಲ, ಟ್ರಾನ್ಸ್‌ಫರ್ ಕೇಸಿನ ಮೇಲಿನ ಸ್ವಿಚ್ಚಿನಲ್ಲೇ ಮುಗಿಯುತ್ತದೆ. ಅಂದರೆ ದೀಪ ಹತ್ತಿದರೆ ಬಲ ಮುಂದಕ್ಕೆ ಹೊರಟಿತು ಎಂದಷ್ಟೇ ಅರ್ಥ, ಅದು ಗಾಲಿ ಮುಟ್ಟಿತೋ ಇಲ್ಲವೋ ದೀಪಕ್ಕೆ ಗೊತ್ತಿಲ್ಲ. ಪರೀಕ್ಷಿಸಲು ಆಕ್ಚುಯೇಟರಿನ ಪೈಪನ್ನು ಬೇಕೆಂದೇ ಕಿತ್ತು ಲಿವರ್ ಎಳೆಸಿದೆ. ಕಾಲರ್ ಕೂರಲಿಲ್ಲ. ದೀಪ ಮಾತ್ರ ಎಂದಿನಂತೆ ಹತ್ತಿತು.

"ನೋಡಪಾ, ನೀ ದೀಪಾ ನೋಡಿದ್ದು ಖರೇ ಇರಬಹುದು. ಗಾಲಿ ಎಳೀಲಿಲ್ಲ ಅನ್ನೂದೂ ಖರೇ ಇರಬಹುದು" ಅಂದೆ.

ಅವನು ಮೊದಲ ಸಲ ಚಹಾ ಕುಡಿದ. ಆರಿ ತಣ್ಣಗಾದ ಚಹಾ.

ಮುಂದೆ ಡಬ್ಬಿಯನ್ನೇ ಬಿಚ್ಚಿ ಕೈಪಂಪಿನಿಂದ ಗಾಳಿ ಹೀರಿ ನೋಡಿದೆ. ಪಂಪಿನ ಮೀಟರಿನ ಮುಳ್ಳು ಮೇಲೇರಿ, ಒಂದು ಗಳಿಗೆ ನಿಂತು, ಬಹಳ ಮೆಲ್ಲಗೆ ಇಳಿಯತೊಡಗಿತು. ತಗಡಿನ ಅಂಚು ಬಿಡಿಸಿದರೆ ಪರದೆಯ ಒಂದು ಬದಿಯಲ್ಲಿ ಉಗುರಿನಷ್ಟು ಸೀಳು. ಸಿಕ್ಕಿತು ಅಂದುಕೊಂಡೆ. ಇಷ್ಟು ಹಳೆಯ ಗಾಡಿಗೆ ಹೊಸ ಡಬ್ಬಿ ಎಲ್ಲಿಯೂ ಸಿಗುವಂತಿರಲಿಲ್ಲ. ಜುನಾ ಬಜಾರಿನ ಗುಜರಿಗಳನ್ನೆಲ್ಲ ಸುತ್ತಿ, ಒಂದು ಕಾರಿನ ಬ್ರೇಕ್ ಬೂಸ್ಟರಿನ ರಬ್ಬರ್ ಆರಿಸಿ ತಂದೆ. ಅದನ್ನು ಅಳತೆಗೆ ಕತ್ತರಿಸಿ, ಅಂಚಿಗೆ ಅಂಟು ಹಚ್ಚಿ, ತಗಡನ್ನು ಸುತ್ತಲೂ ಮಡಚಿ ಕೂಡಿಸಿದೆ. ಈಗ ಮುಳ್ಳು ಏರಿದಲ್ಲೇ ನಿಂತಿತು. ಊಟ ಮಾಡಿ ಬಂದು ನೋಡಿದಾಗಲೂ ಅಲ್ಲೇ ಇತ್ತು. ಜಂಬದಿಂದ ಅವನ ಬೆನ್ನು ತಟ್ಟಿದೆ. ಆ ಜಂಬ ಸಂಜೆಯವರೆಗೂ ಉಳಿಯಲಿಲ್ಲ.

ಗ್ಯಾರೇಜಿನಿಂದ ಬೋಪದೇವ ಘಾಟು ದೂರವಿಲ್ಲ. ಘಾಟಿನ ರಸ್ತೆಗೆ ಹೊಂದಿಕೊಂಡು, ಮೊದಲು ಮುರುಮು ಮಣ್ಣು ತೆಗೆದ ಜಾಗದಲ್ಲಿ ಒಂದು ಕಚ್ಚಾ ಏರಿದೆ. ಹಿಂದಿನ ತೊಟ್ಟಿಯಲ್ಲಿ ಮರಳಿನ ಚೀಲ ಹೇರಿಕೊಂಡು ಅಲ್ಲಿಗೆ ಹೋದೆವು. ಓಡಿಸುತ್ತಿದ್ದವನು ನಾನು, ಅವನು ಪಕ್ಕದಲ್ಲಿ. ಹಿಂದೆ ಯಾರನ್ನೂ ನಡೆಯಲು ಬಿಡಲಿಲ್ಲ. ಅಷ್ಟು ಬುದ್ಧಿ ನನಗಿತ್ತು.

ಲಿವರ್ ಎಳೆದೆ, ದೀಪ ಹತ್ತಿತು. ಗಾಡಿ ಸೆಕೆಂಡ್ ಗೇರಿನಲ್ಲಿ ನಾಲ್ಕೂ ಗಾಲಿ ಊರಿ ಚೆನ್ನಾಗಿಯೇ ಹತ್ತಿತು. ಅರ್ಧದಲ್ಲಿ ಏರು ಕಡಿದಾಯಿತು, ಎಂಜಿನ್ ತಿಣುಕಿತು. ಕ್ಲಚ್ ಒತ್ತಿ ಫಸ್ಟ್ ಗೇರಿಗೆ ಹಾಕಿ ಬಿಟ್ಟೆ. ಗಾಡಿ ಮುಂದೆ ಹೋಗಲಿಲ್ಲ. ಹಿಂದಿನ ಗಾಲಿಗಳು ಕೆಸರು ಎರಚುತ್ತಾ ತಿರುಗಿದವು. ಕಿಟಕಿಯಿಂದ ತಲೆ ಹಾಕಿ ನೋಡಿದರೆ ಮುಂದಿನ ಗಾಲಿ ಸತ್ತಂತೆ ನಿಂತಿದೆ. ಬ್ರೇಕ್ ತುಳಿದೆ. ಬ್ರೇಕ್ ಹಿಡಿಯಿತು, ಆದರೆ ಹಿಡಿದ ಗಾಲಿಗಳ ಸಮೇತ ಇಡೀ ಗಾಡಿ ಹಿಂದಕ್ಕೆ ಜಾರತೊಡಗಿತು. ಸ್ಟೇರಿಂಗಿಗೂ ಗಾಡಿಗೂ ಸಂಬಂಧವೇ ಇರಲಿಲ್ಲ. ಕಡೆಗೆ ಒಂದು ಕಲ್ಲುಗುಂಡಿಗೆ ಗಾಲಿ ಸಿಕ್ಕಿ ನಿಂತಿತು.

ಹಸಿರು ದೀಪ ಇನ್ನೂ ಉರಿಯುತ್ತಿತ್ತು. ಅವನು ಅದನ್ನೇ ನೋಡುತ್ತಿದ್ದ.

"ಹಿಂಗೇ ಆಗಿತ್ತು ರೀ. ಥೇಟ್ ಹಿಂಗೇ" ಅಂದು ಬಾಗಿಲು ತೆರೆದು ಇಳಿದ. ಮಳೆಯಲ್ಲಿ ಗಾಡಿಯ ಹಿಂದೆ ಹೋಗಿ ಆ ತಗ್ಗಿದ ಬಾಗಿಲಿನ ಮುಂದೆ ನಿಂತ. ನಾನು ಕರೆಯುವವರೆಗೂ ಬರಲಿಲ್ಲ.

ಅವನು ಲಿವರ್ ಎಳೆದಿದ್ದನೆಂದು ನನಗೆ ಆಗ ಖಾತ್ರಿಯಾಯಿತು. ಯಾಕೆ ಬಿಟ್ಟಿತು ಅನ್ನುವುದಷ್ಟೇ ಉಳಿದದ್ದು. ಗೇರಿನಲ್ಲಿ ಎಳೆಯುತ್ತಿರುವಾಗ ಕಾಲರಿನ ಹಲ್ಲುಗಳು ಒಂದಕ್ಕೊಂದು ಬಿಗಿದುಕೊಂಡಿರುತ್ತವೆ, ಹೀರುವ ಬಲ ಹೋದರೂ ಬಿಡುವುದಿಲ್ಲ. ಕ್ಲಚ್ ಒತ್ತಿದ ಕೂಡಲೇ ಆ ಬಿಗಿ ಸಡಿಲುತ್ತದೆ, ಆ ಒಂದು ಗಳಿಗೆಯಲ್ಲಿ ಸ್ಪ್ರಿಂಗು ಕಾಲರನ್ನು ಹಿಂದಕ್ಕೆ ತಳ್ಳುತ್ತದೆ. ಅಂದರೆ ಏರಿನ ಮೇಲೆ ಹೀರುವ ಬಲ ಎಲ್ಲೋ ಸೋರಿಹೋಗುತ್ತಿದೆ, ಸಮನೆಲದಲ್ಲಿ ಸೋರುತ್ತಿಲ್ಲ. ಪರದೆಯ ಸೀಳು ನಿಜವೇ ಇತ್ತು, ಆದರೆ ಕೊಂದದ್ದು ಅದಲ್ಲ.

ಗಾಳಿಯ ದಾರಿ ತೆರೆಯುವ ಕರೆಂಟಿನ ವಾಲ್ವ್ ಬದಲಿಸಿ ನೋಡಿದೆ. ಪಂಪಿನ ಬೆಲ್ಟು ಬಿಗಿ ಮಾಡಿದೆ. ಮತ್ತೆ ಏರಿಗೆ ಹೋದೆವು, ಮತ್ತೆ ಅದೇ ಜಾಗದಲ್ಲಿ ಮುಂದಿನ ಗಾಲಿ ಸತ್ತಿತು. ಮಳೆ ಬಿಡುತ್ತಿರಲಿಲ್ಲ. ಗ್ಯಾರೇಜಿನ ನೆಲದಲ್ಲಿ ನೀರು, ಎಣ್ಣೆ ಕೂಡಿ ಪಿಚಿಪಿಚಿ ಅನ್ನುತ್ತಿತ್ತು. ಬೇರೆ ಗಿರಾಕಿಗಳು ಬಂದು ತಮ್ಮ ಗಾಡಿಗಳು ನಿಂತಲ್ಲೇ ನಿಂತಿರುವುದನ್ನು ನೋಡಿ ನನ್ನ ಮುಖ ನೋಡುತ್ತಿದ್ದರು. ಮನೆಯಲ್ಲಿಯೂ ನಾನು ಮಾತಾಡುವುದು ಕಡಿಮೆಯಾಗಿತ್ತು.

ಗುತ್ತಿಗೆದಾರರ ಫೋನು ಬಂತು. ಯಾರೋ ಮಿಸ್ತ್ರಿ ಅವರಿಗೆ ಸುಲಭದ ದಾರಿ ಹೇಳಿಕೊಟ್ಟಿದ್ದ: ಆ ಡಬ್ಬಿಯನ್ನೇ ಕಿತ್ತೊಗೆದು, ಕಾಲರನ್ನು ಕೂಡಿಸಿದ ಜಾಗದಲ್ಲೇ ಕಾಯಂ ಲಾಕ್ ಮಾಡಿಬಿಡುವುದು. ಟಾಯರ್ ಸ್ವಲ್ಪ ಬೇಗ ಸವೆಯುತ್ತದೆ, ಡೀಸೆಲ್ ಸ್ವಲ್ಪ ಜಾಸ್ತಿ ಕುಡಿಯುತ್ತದೆ, ಇನ್ನೇನೂ ಇಲ್ಲ. ಆ ಉಪಾಯದಲ್ಲಿ ತಪ್ಪೇನೂ ಇರಲಿಲ್ಲ. ಒಂದು ಕಬ್ಬಿಣದ ತುಂಡು ಕೊರೆದು ಸ್ಪ್ರಿಂಗಿನ ಜಾಗಕ್ಕೆ ಕೂಡಿಸಿದರೆ ಮುಗಿಯಿತು. ಬೇರೆ ಗಾಡಿಯಾಗಿದ್ದರೆ ನಾನೇ ಮೊದಲ ದಿನ ಹಾಗೆ ಮಾಡುತ್ತಿದ್ದೆ.

ಅವನಿಗೂ ಹೇಳಿದೆ. "ಲಾಕ್ ಮಾಡಿದ್ರ ಗಾಡಿ ಏರ್ತದ. ಏನಂತೀ?"

"ಗಾಡಿ ಏರ್ತದ ರೀ ಅಣ್ಣಾರ. ಅಕ್ಕನ ಹೊಸ್ತಿಲ ನಾ ಹ್ಯಾಂಗ ಏರ್ಲಿ?"

ಲಾಕ್ ಮಾಡಿಬಿಟ್ಟರೆ ಕಾರಣ ಎಂದೆಂದಿಗೂ ಗೊತ್ತಾಗುವುದಿಲ್ಲ. ಗುತ್ತಿಗೆದಾರರಿಗೆ ಫೋನ್ ಮಾಡಿ, ಇನ್ನೂ ಸ್ವಲ್ಪ ಸಮಯ ಬೇಕು, ಆಗದಿದ್ದರೆ ಗಾಡಿ ಬೇರೆ ಕಡೆ ಒಯ್ಯಿರಿ ಅಂದುಬಿಟ್ಟೆ. ಅವರು ಬೈದರು. ಆದರೆ ಒಯ್ಯಲಿಲ್ಲ.

ಬಿಡಿಭಾಗ ಬದಲಿಸುವುದನ್ನು ನಿಲ್ಲಿಸಿ ಒಂದು ದಿನ ಸುಮ್ಮನೆ ಗಾಡಿಯ ಮುಂದೆ ಸ್ಟೂಲ್ ಹಾಕಿಕೊಂಡು ಕೂತೆ. ಏರಿನ ಮೇಲೆ ಬದಲಾಗುವುದೇನು? ಭಾರವೆಲ್ಲ ಹಿಂದಕ್ಕೆ ಹೋಗುತ್ತದೆ, ಮೂತಿ ಹಗುರಾಗಿ ಮೇಲೇಳುತ್ತದೆ. ಮೂತಿ ಎದ್ದರೆ ಮುಂದಿನ ಆಕ್ಸಲ್ಲು ಸ್ಪ್ರಿಂಗ್ ಪಟ್ಟಿಗಳ ಸಮೇತ ಕೆಳಗೆ ಜೋತುಬೀಳುತ್ತದೆ. ನಾನು ಇಷ್ಟು ದಿನ ಜಾಕ್ ಕೊಟ್ಟಿದ್ದು ಆಕ್ಸಲ್ಲಿಗೆ. ಹಾಗೆ ಕೊಟ್ಟರೆ ಅದು ಜೋತುಬೀಳುವುದೇ ಇಲ್ಲ. ಏರಿನ ಸ್ಥಿತಿ ಗ್ಯಾರೇಜಿನಲ್ಲಿ ಒಮ್ಮೆಯೂ ಬಂದಿರಲಿಲ್ಲ.

ಪಕ್ಕದ ಫ್ಯಾಬ್ರಿಕೇಶನ್ ಅಂಗಡಿಯಿಂದ ಚೈನ್ ಪುಲ್ಲಿ ತಂದು ಮೇಲಿನ ಗರ್ಡರಿಗೆ ಕಟ್ಟಿದೆವು. ಅದರ ಕೊಕ್ಕೆಯನ್ನು ಗಾಡಿಯ ಚೌಕಟ್ಟಿನ, ಅಂದರೆ ಚಾಸಿಯ, ಮುಂದಿನ ತುದಿಗೆ ಹಾಕಿದೆವು. ಡಬ್ಬಿಯ ಬಾಯಿಯ ಹತ್ತಿರ ಪೈಪಿಗೆ ಒಂದು ಕವಲು ಕೊಟ್ಟು ಮೀಟರ್ ಜೋಡಿಸಿ ಗಾಡಿಯ ಪಕ್ಕದ ಕನ್ನಡಿಗೆ ನೇತುಹಾಕಿದೆ. ಎಂಜಿನ್ ಚಾಲು ಮಾಡಿ, ಲಿವರ್ ಎಳೆದು, ಅವನಿಗೆ ಚೈನ್ ಎಳೆಯಲು ಹೇಳಿದೆ. ಮೂತಿ ಮೆಲ್ಲಗೆ ಮೇಲೆದ್ದಿತು. ಆಕ್ಸಲ್ಲು ಜೋತುಬಿತ್ತು. ಅದುವರೆಗೆ ಅಲುಗದೆ ನಿಂತಿದ್ದ ಮುಳ್ಳು ಒಮ್ಮೆ ನಡುಗಿ, ಸರ್ರನೆ ಕೆಳಗಿಳಿಯಿತು.

"ಇಳಸು" ಅಂದೆ. ಇಳಿಸಿದ. ಮುಳ್ಳು ಏರಿತು. "ಎತ್ತು." ಎತ್ತಿದ. ಬಿತ್ತು.

ಎಂಜಿನ್ ನಿಲ್ಲಿಸಿ ಕೆಳಗೆ ನುಗ್ಗಿದೆ. ಚಾಸಿಯಿಂದ ಆಕ್ಸಲ್ಲಿಗೆ ಇಳಿಯುವ ರಬ್ಬರ್ ಪೈಪು ಸ್ವಲ್ಪ ಸಡಿಲವಾಗಿ, ಜೋಲಿಯಾಗಿ ಇರಬೇಕು. ಆಕ್ಸಲ್ಲು ಕೆಳಗೆ ಹೋದಾಗ ಅದಕ್ಕೂ ಹೋಗಲು ಅವಕಾಶ ಬೇಕಲ್ಲ. ಇದರ ಎರಡೂ ತುದಿಗಳನ್ನು ನಾನು ನೋಡಿದ್ದೆ, ಸರಿಯಿದ್ದವು. ನಡುಭಾಗ ಬಂಪರಿನ ಹಿಂದೆ ಒಂದು ಮಣ್ಣಿನ ಮುದ್ದೆಯೊಳಗೆ ಹೂತುಹೋಗಿತ್ತು. ಲೋಣಾವಳಾದ ಕೆಸರು, ಗ್ರೀಸು ಕೂಡಿ ಕಲ್ಲಾದ ಮುದ್ದೆ. ಸ್ಕ್ರೂಡ್ರೈವರಿನಿಂದ ಕುಟ್ಟಿ ಒಡೆದೆ. ಒಳಗಿನಿಂದ ಮೊದಲು ಉದುರಿದ್ದು ಒಣಗಿ ಕಪ್ಪಾದ ನಿಂಬೆಯ ಸಿಪ್ಪೆ. ಆಮೇಲೆ ಮೆಣಸಿನಕಾಯಿಯ ತೊಟ್ಟುಗಳು. ಆಮೇಲೆ ತುಕ್ಕು ಹಿಡಿದ ಬೈಂಡಿಂಗ್ ವೈರು.

ಒಂದು ಸುತ್ತಲ್ಲ, ಒಂದರ ಮೇಲೊಂದು ಹಲವು ಸುತ್ತು. ಅಮಾವಾಸ್ಯೆಗೊಮ್ಮೆ ಗಾಡಿಗೆ ಹೊಸ ನಿಂಬೆ, ಮೆಣಸಿನಕಾಯಿ ಕಟ್ಟುತ್ತಾರಲ್ಲ, ಹಳೆಯ ತಂತಿಯನ್ನು ಬಿಚ್ಚದೆ ಅದರ ಮೇಲೆಯೇ ಹೊಸದನ್ನು ಕಟ್ಟುತ್ತಾ ಬಂದಿದ್ದರು. ಕೊಕ್ಕೆಯ ಹಾಗೆ ಕಂಡ ಒಂದು ಪಟ್ಟಿಗೆ ತಂತಿ ಸುತ್ತುವಾಗ ಪಕ್ಕದ ರಬ್ಬರ್ ಪೈಪೂ ಸೇರಿಕೊಂಡಿತ್ತು. ಪ್ರತಿ ಅಮಾವಾಸ್ಯೆಗೂ ಪೈಪಿನ ಸಡಿಲು ಒಂದಿಷ್ಟು ಕಡಿಮೆಯಾಗುತ್ತಾ, ಕಡೆಗೆ ಪೂರ್ತಿ ಬಿಗಿದುಹೋಗಿತ್ತು. ಆಕ್ಸಲ್ಲು ಜೋತುಬಿದ್ದಾಗೆಲ್ಲ ಪೈಪು ಜಗ್ಗಿ, ತಂತಿ ಅದನ್ನು ಕೊಯ್ದಿತ್ತು. ಸಮನೆಲದಲ್ಲಿ ಆ ಕೊಯ್ತ ತುಟಿ ಮುಚ್ಚಿದಂತೆ ಮುಚ್ಚಿಕೊಳ್ಳುತ್ತಿತ್ತು, ಏರಿನಲ್ಲಿ ಬಾಯಿ ಬಿಡುತ್ತಿತ್ತು.

ಇಕ್ಕಳ ಹಾಕಿ ಗಂಟು ಬಿಚ್ಚಲು ತಿರುಗಿಸಿದೆ. ಬಿಚ್ಚಲಿಲ್ಲ, ಇನ್ನೂ ಬಿಗಿಯಾಯಿತು. ಜೀವಮಾನದಲ್ಲಿ ಎಷ್ಟೋ ಅಂಥ ಗಂಟು ಬಿಚ್ಚಿದ್ದೇನೆ, ಎಲ್ಲವೂ ಒಂದೇ ಕಡೆಗೆ ತಿರುಚಿರುತ್ತವೆ. ಇದು ಉಲ್ಟಾ ಇತ್ತು. ಇನ್ನೊಂದನ್ನು ಹಿಡಿದೆ, ಅದೂ ಉಲ್ಟಾ. "ಯಾರಪಾ ಇದನ್ನ ಕಟ್ಟಿದಾಂವ, ಎಲ್ಲಾ ತಿರುಗಾ ಮುರುಗಾ" ಅಂತ ಗೊಣಗಿದೆ.

ಪಕ್ಕಕ್ಕೆ ತಿರುಗಿ ನೋಡಿದರೆ ಅವನೂ ಗಾಡಿಯ ಕೆಳಗೆ ಬಂದು ಮೊಳಕೈ ಊರಿ ಮಲಗಿದ್ದ. ಆ ಗಂಟನ್ನೇ ನೋಡುತ್ತಿದ್ದ.

"ಮಾವಂದು ರೀ" ಅಂದ. "ಮಾವ ಎಡಚ ಇದ್ರು. ಸೈಟಿನ್ಯಾಗ ಯಾರ ಗಂಟು ಯಾವ್ದು ಅಂತ ಗುರ್ತಾ ಹಿಡಿಯೂದೇ ಹಂಗ ರೀ. ಅವ್ರ ಗಂಟು ಮಂದೀ ಕೈಲೆ ಬಿಚ್ಚತಿದ್ದಿಲ್ಲ."

ಗಂಟನ್ನು ಬೆರಳಿನಿಂದ ಮುಟ್ಟಿ ಮತ್ತೆ ಅಂದ: "ಪ್ರತಿ ಅಮಾಸಿಗಿ ತಪ್ಪಸ್ತಿದ್ದಿಲ್ಲ. ನನ್ನ ಗಾಡಿ ಅಂತ. ನನಗೇನೂ ಆಗಬಾರ್ದಂತ. ಎಲ್ಲಿ ಕಟ್ಟತಾರ ಅಂತ ನಾ ಒಂದಿನಾನೂ ಬಗ್ಗಿ ನೋಡಲಿಲ್ಲ."

ಹುಡುಕಿದ್ದು ಸಿಕ್ಕಿತ್ತು. ಅದು ಸಿಗದಿದ್ದರೆ ಚೆನ್ನಾಗಿತ್ತು ಅಂತ ನನಗೆ ಆಗ ಅನ್ನಿಸಿತು. ಕಾರಣ ಸಿಕ್ಕರೆ ಅವನ ಎದೆಯ ಭಾರ ಇಳಿಯುತ್ತದೆಂದು ನಂಬಿ ಹಟ ಹಿಡಿದವನು ನಾನು. ಆ ಭಾರ ಈಗ ಸತ್ತವನ ಮೇಲೆ ಹೋಗಿ ಕೂತಿತ್ತು.

ಎದ್ದು ಕೈ ತೊಳೆದ ಮೇಲೆ ಅವನು ಒಂದೇ ಮಾತು ಹೇಳಿದ. "ಅಕ್ಕಗ ಇದು ಹೇಳಬ್ಯಾಡ್ರಿ."

"ಹೇಳಬ್ಯಾಡಂದ್ರ? ಅಕಿ ನಿನ್ನ ಮ್ಯಾಲೆ ಸಿಟ್ಟಾಗ್ಯಾಳ. ಖರೇ ಏನಂತ ಅಕಿಗೆ ಗೊತ್ತಾಗಬಾರ್ದೇನು? ನೀನೇ ಅಲ್ಲೇನು ಗೊತ್ತಾಗಬೇಕು ಅಂದಾಂವ?"

"ಅಂದಿದ್ದೆ ರೀ. ಆಗ ನನಗ ಗೊತ್ತಿದ್ದಿಲ್ಲ. ನನ್ನ ಮ್ಯಾಗ ಸಿಟ್ಟದ, ಇರ್ಲಿ. ಗಂಡನ ಮ್ಯಾಗ ಬರೂದು ಬ್ಯಾಡ."

ನನಗೆ ಸಿಟ್ಟು ಬಂತು. ಇಷ್ಟು ದಿನ ಹೊಟ್ಟೆಗೆ ಹಿಟ್ಟಿಲ್ಲದವನ ಹಾಗೆ ಈ ಗಾಡಿಯ ಬೆನ್ನು ಬಿದ್ದದ್ದು ಸುಳ್ಳು ಹೇಳಲಿಕ್ಕೋ? "ನಾನಾಗಿ ಹೋಗಿ ಹೇಳೂದಿಲ್ಲ. ಆದ್ರ ಅಕಿ ಬಂದು ಕೇಳಿದ್ರ ಮುಚ್ಚಿಡೂ ಮಗಾ ನಾನಲ್ಲ" ಅಂದೆ. ಆ ತಂತಿಗಳನ್ನು ಕತ್ತರಿಸಿ ತೆಗೆದು ಮೇಜಿನ ಖಾನೆಯಲ್ಲಿಟ್ಟೆ. ಅವನು ನೋಡುತ್ತಿದ್ದ.

ಉಳಿದದ್ದು ಸರಳ ಕೆಲಸ. ದಪ್ಪ ಗೋಡೆಯ ಹೊಸ ಪೈಪು ಹಾಕಿ ಬೇಕಾದಷ್ಟು ಸಡಿಲು ಬಿಟ್ಟೆ. ಅದಕ್ಕೆ ಏನೂ ತಗುಲದಂತೆ ಒಂದು ತಗಡಿನ ಕೊಳವೆ ಹೊದಿಸಿದೆ. ಕಾಲರ್ ನಿಜವಾಗಿ ಕೂತಾಗ ಮಾತ್ರ ಹತ್ತುವಂತೆ ಆಕ್ಸಲ್ಲಿನ ಮೇಲೆಯೇ ಒಂದು ಸ್ವಿಚ್ಚು ಕೂಡಿಸಿ ದೀಪದ ತಂತಿಯನ್ನು ಅಲ್ಲಿಗೆ ತಂದೆ. ಮೂತಿಯನ್ನು ಮತ್ತೆ ಚೈನಿನಿಂದ ಎತ್ತಿ ನೋಡಿದೆ, ಮುಳ್ಳು ಅಲುಗಲಿಲ್ಲ. ಬೋಪದೇವದ ಏರಿನಲ್ಲಿ ಈ ಸಲ ಅವನೇ ಓಡಿಸಿದ. ಕಡಿದಾದ ಜಾಗದಲ್ಲಿ ಬೇಕೆಂದೇ ನಿಲ್ಲಿಸಿ, ಕ್ಲಚ್ ಒತ್ತಿ, ಗೇರ್ ಬದಲಿಸಿ, ಮತ್ತೆ ಹತ್ತಿಸಿದ. ಗಾಡಿ ಎಮ್ಮೆಯಂತೆ ನಿಧಾನವಾಗಿ, ಎಲ್ಲಿಯೂ ಕಾಲು ಜಾರದೆ ಮೇಲೆ ಹೋಯಿತು. ಮೇಲೆ ತಲುಪಿದ ಮೇಲೆ ಅವನು ಸ್ಟೇರಿಂಗಿಗೆ ಹಣೆ ಕೊಟ್ಟು ಅತ್ತ. ನಾನು ಕಿಟಕಿಯ ಆಚೆ ನೋಡುತ್ತಾ ಕೂತೆ.

ಗುತ್ತಿಗೆದಾರರಿಗೆ, ಡ್ರೈವರ್ ಲಿವರ್ ಎಳೆದಿದ್ದ, ಗಾಳಿಯ ಪೈಪು ಹರಿದಿತ್ತು ಅಂತ ಖಡಾಖಂಡಿತವಾಗಿ ಹೇಳಿದೆ. ಪೈಪು ಯಾಕೆ ಹರಿಯಿತೆಂದು ಅವರು ಕೇಳಲಿಲ್ಲ. "ಬರಂ, ತ್ಯಾಲಾಚ್ ಪಾಠವತೋ" ಅಂದರು. ಗಾಡಿ ಒಯ್ಯಲು ಅವನನ್ನೇ ಕಳಿಸುತ್ತಾರೆ ಅಂದರೆ ಕೆಲಸ ವಾಪಸು ಸಿಕ್ಕಿತು ಅಂತ ಅರ್ಥ.

ಅವನು ಗಾಡಿ ಒಯ್ಯಲು ಬಂದದ್ದು ಅಮಾವಾಸ್ಯೆಯ ದಿನ. ಹಿಂದೆಯೇ ಒಂದಿಷ್ಟು ದೂರ ಬಿಟ್ಟು ಒಬ್ಬ ಹೆಂಗಸು ಬಂದಳು. ಹಣೆ ಬರಿದಾಗಿತ್ತು. ಕೈಯಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ಚೀಲ. ಅವನ ಕಡೆ ನೋಡದೆ ನೇರ ನನ್ನ ಮುಂದೆ ಬಂದು ನಿಂತಳು. ಯಾರೆಂದು ಕೇಳುವ ಅಗತ್ಯವಿರಲಿಲ್ಲ.

"ಇಂವ ಲಿವರ್ ಎಳದಿದ್ನಂತ ಸಾವಕಾರ್ರು ಹೇಳ್ಯಾರ. ಖರೇ ಏನ್ರಿ ಅಣ್ಣಾರ?"

"ಖರೇ ಅದ ತಂಗೆವ್ವ. ನಾ ಕಣ್ಣಾರೆ ನೋಡೀನಿ. ನಿಮ್ಮ ತಮ್ಮನ ತಪ್ಪಿಲ್ಲ. ಗಾಳೀ ಪೈಪು ಹರದಿತ್ತು."

ಅವಳು ಗಾಡಿಯ ಕಡೆ ನೋಡಿದಳು. ಆಮೇಲೆ, "ಪೈಪ್ ಯಾಕ ಹರೀತ್ರಿ?" ಅಂದಳು.

ಕೇಳಿಬಿಟ್ಟಳು. ಗಾಡಿಯ ಆಚೆ ಬದಿಯಿಂದ ಅವನು ನನ್ನನ್ನು ನೋಡುತ್ತಿದ್ದ. ನಾನು ಮೇಜಿನ ಹತ್ತಿರ ಹೋಗಿ ಖಾನೆ ತೆರೆದು ತಂತಿಗಳನ್ನು ಕೈಗೆತ್ತಿಕೊಂಡೆ. ಆಡಿದ ಮಾತಿನಂತೆ ನಡೆಯುವುದೆಂದೇ ಹೊರಟಿದ್ದೆ.

ತಿರುಗಿ ನೋಡಿದರೆ ಅವಳು ಬಂಪರಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾಳೆ. ಚೀಲದಿಂದ ನಿಂಬೆ, ಹಸಿ ಮೆಣಸಿನಕಾಯಿ ಪೋಣಿಸಿದ ಸರ ತೆಗೆದು ಮೊಳಕಾಲ ಮೇಲಿಟ್ಟುಕೊಂಡಿದ್ದಾಳೆ. ಇನ್ನೊಂದು ಕೈಯಲ್ಲಿ ಒಂದು ತುಂಡು ಬೈಂಡಿಂಗ್ ವೈರು, ಗಂಡ ಅದನ್ನು ತಿರುಚಲು ಬಳಸುತ್ತಿದ್ದ ಹುಕ್ಕು. ಬಗ್ಗಿ ಗಾಡಿಯ ಕೆಳಗೆ ನೋಡುತ್ತಿದ್ದಳು.

"ಇಲ್ಲೆಲ್ಲೋ ಒಳಗ ಕಟ್ಟತಿದ್ರು ರೀ ನಮ್ಮ ಮನ್ಯಾವ್ರು. ಮೊದಲ ಮ್ಯಾಲೇ ಕಟ್ಟತಿದ್ರು. ನಾನೇ ಹೇಳಿದ್ದೆ, ಮ್ಯಾಲ ಕಟ್ಟಿದ್ರ ಯಾರರೆ ಕಿತ್ಕೊಂಡು ಹೋಗ್ತಾರ, ಕೆಳಗ ಕಟ್ರಿ, ಬಿಗಿಯಾಗಿ ಕಟ್ರಿ ಅಂತ. ಈಗ ಇಂವ ಮತ್ತ ಅದೇ ಏರು ಹತ್ತಾವ. ಕಟ್ಟದ ಹ್ಯಾಂಗ ಬಿಡ್ಲಿ?" ಅಂದು ತಲೆ ಎತ್ತಿದಳು. "ಹೇಳ್ರಿ ಅಣ್ಣಾರ, ಪೈಪ್ ಯಾಕ ಹರೀತು?"

ತಂತಿ ನನ್ನ ಮುಷ್ಟಿಯಲ್ಲಿತ್ತು. ಕೈಯನ್ನು ಹಾಗೆಯೇ ಪ್ಯಾಂಟಿನ ಕಿಸೆಗೆ ಇಳಿಸಿದೆ.

"ಹಳೇದಾಗಿತ್ತವ್ವ. ರಬ್ಬರಲ್ಲೇನು, ಹಳೇದಾದ್ರ ಹರೀತದ."

"ಮತ್ತ ಯಾರ ತಪ್ಪೂ ಇಲ್ಲೇನು?"

"ಯಾರದೂ ಇಲ್ಲ."

ಅವಳು ಹುಕ್ಕನ್ನು ಅಂಗೈಯಲ್ಲಿ ಹೊರಳಿಸುತ್ತಾ ಕೂತಳು. "ಯಾರದೂ ಇಲ್ಲಂದ್ರ ನಾ ಯಾರ ಮ್ಯಾಗ ಸಿಟ್ಟಾಗ್ಲಿ ರೀ?" ಅಂತ ಕೇಳಿದಳು.

ಗಾಡಿಯ ಆಚೆಯಿಂದ ಅವನು, "ನನ್ನ ಮ್ಯಾಗೇ ಆಗು, ಅಕ್ಕಾ" ಅಂದ.

ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅವನು ಬಂದು ಪಕ್ಕದಲ್ಲಿ ಕೂತ. ಅಳು ನಿಂತ ಮೇಲೆ ಅವಳ ಮೊಳಕಾಲ ಮೇಲಿದ್ದ ಸರವನ್ನು ತೆಗೆದುಕೊಂಡು, ತಂತಿಯನ್ನು ಅವಳ ಕೈಯಲ್ಲೇ ಬಿಟ್ಟು, ನನ್ನ ಹತ್ತಿರ ಒಂದು ತುಂಡು ದಾರ ಕೇಳಿದ. ಬಂಪರಿನ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಕಟ್ಟಿದ. "ಕೆಳಗ ಬ್ಯಾಡಕ್ಕಾ, ಕೆಸರು ಹತ್ತತದ" ಅಂದ. ಅವಳು ಬೇಡ ಅನ್ನಲಿಲ್ಲ. ಅವನು ಬಾಗಿಲು ತೆರೆದು ಹಿಡಿದಾಗ ಹತ್ತಿ ಮುಂದಿನ ಸೀಟಿನಲ್ಲಿ ಕೂತಳು.

ಗಾಡಿ ಕೊಂಢವಾದ ರಸ್ತೆಗೆ ಇಳಿದು ತಿರುವು ದಾಟುವವರೆಗೂ ನಾನು ಬಾಗಿಲಲ್ಲೇ ನಿಂತಿದ್ದೆ. ಕಿಸೆಯೊಳಗೆ ಆ ತಂತಿಯ ತುದಿ ತೊಡೆಗೆ ಚುಚ್ಚುತ್ತಿತ್ತು.